ಗ್ಯಾಸ್ ಗೀಸರ್‌ನ ಹೊಗೆ ಎಲ್ಲಿಗೆ ಹೋಗುತ್ತದೆ?

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋಕೆ ಬರುತ್ತೆ, ಬರೆಯೋಕೆ ಸ್ವಲ್ಪ ಕಷ್ಟ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಆದರೆ ಈ ವಿಷಯ ನಮ್ಮ ಮನೆಯಲ್ಲೇ ನಡೆದದ್ದು, ಅದಕ್ಕೇ ಬರೀತಿದ್ದೀನಿ.

ನಮ್ಮೂರು ಬೇಡಕಿಹಾಳ, ನಿಪ್ಪಾಣಿ ಹತ್ತಿರ, ಬೆಳಗಾವಿ ಜಿಲ್ಲೆ. ಕಬ್ಬು, ತಂಬಾಕು, ಅರ್ಧ ಕನ್ನಡ, ಅರ್ಧ ಮರಾಠಿ. ಜನವರಿಯಲ್ಲಿ ಸೆಮ್ ಎಕ್ಸಾಂ ಮುಗಿಸಿ ಊರಿಗೆ ಹೋಗಿದ್ದೆ. ಬೆಳಿಗ್ಗೆ ಥಂಡಿ ಜೋರಾಗಿತ್ತು. ಅಜ್ಜಿ ಅಂದ್ಲು, "ಲೇ ತಮ್ಮಾ, ಬಚ್ಚಲದ ಆ ಕಿಂಡಿ ಮುಚ್ಚೋ, ಥಂಡಿ ಗಾಳಿ ಹೊಡಿತೈತಿ." ನಾನು ಒಂದು ರಟ್ಟಿನ ತುಂಡು ಕತ್ತರಿಸಿ, ಟೇಪ್ ಹಚ್ಚಿ, ವೆಂಟಿಲೇಟರ್ ಪ್ಯಾಕ್ ಮಾಡಿದೆ. ಇಂಜಿನಿಯರಿಂಗ್ ಓದೋ ಹುಡುಗ ಅಲ್ವಾ, ಕೆಲಸ ನೀಟಾಗಿತ್ತು.

ಎರಡು ದಿನ ಆದಮೇಲೆ ತಂಗಿ ಸ್ನಾನಕ್ಕೆ ಹೋದವಳು ಬಾಗಿಲು ತೆಗೆದು ಹೊಸ್ತಿಲ ಮೇಲೇ ಕುಸಿದು ಕೂತಳು. ತಲೆನೋವು, ವಾಂತಿ ಬರೋ ಹಾಗೆ, ಕಾಲಲ್ಲಿ ಶಕ್ತಿ ಇಲ್ಲ. "ಸಂಕಷ್ಟಿ ಉಪಾಸ ಇದ್ಲಲ್ಲ, ಚಕ್ಕರ್ ಬಂದೈತಿ" ಅಂತ ಎಲ್ಲರೂ ಅಂದ್ರು. ಅಂಗಳದಲ್ಲಿ ಕೂರಿಸಿದ ಮೇಲೆ ನಿಧಾನಕ್ಕೆ ಸರಿ ಹೋದಳು. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ. ಅದು ನಮ್ಮ ಎರಡನೇ ತಪ್ಪು. ಮೊದಲನೇದು ನನ್ನ ರಟ್ಟು.

ಒಳಗೆ ಹೋಗಿ ನೋಡಿದೆ. ಗ್ಯಾಸ್ ಗೀಸರ್‌ನ ಮೇಲ್ಭಾಗ ಕಪ್ಪಾಗಿತ್ತು. ಬಾಗಿಲು ಪೂರ್ತಿ ತೆರೆದಿಟ್ಟು ಒಂದು ಕ್ಷಣ ಹಚ್ಚಿ ನೋಡಿದರೆ ಜ್ವಾಲೆಯ ತುದಿ ಹಳದಿ. ಆಗ ಗೊತ್ತಾಯ್ತು.

ಈಗ ಲೆಕ್ಕಕ್ಕೆ ಬರೋಣ. ಸಾಮಾನ್ಯ ಗೀಸರ್ ನಿಮಿಷಕ್ಕೆ 6 ಲೀಟರ್ ನೀರು ಕೊಡುತ್ತೆ ಅಂದ್ಕೊಳ್ಳಿ, 25 ಡಿಗ್ರಿ ಬಿಸಿ ಹೆಚ್ಚಿಸಬೇಕು. 6 × 4.2 × 25, ಅಂದ್ರೆ ನಿಮಿಷಕ್ಕೆ 630 ಕಿಲೋಜೌಲ್, ಹತ್ತೂವರೆ ಕಿಲೋವ್ಯಾಟ್. ಶೇ. 80 ಎಫಿಶಿಯೆನ್ಸಿ ಹಿಡಿದರೆ ನಿಮಿಷಕ್ಕೆ ಸುಮಾರು 17 ಗ್ರಾಂ ಎಲ್‌ಪಿಜಿ ಉರಿಯಬೇಕು. 1 ಕೆಜಿ ಎಲ್‌ಪಿಜಿ ಪೂರ್ತಿ ಉರಿಯೋಕೆ ಸುಮಾರು 15.5 ಕೆಜಿ ಗಾಳಿ ಬೇಕು. ಹಾಗಾದ್ರೆ ಈ ಗೀಸರ್‌ಗೆ ನಿಮಿಷಕ್ಕೆ ಸುಮಾರು 220 ಲೀಟರ್ ಗಾಳಿ.

ನಮ್ಮ ಬಾತ್‌ರೂಮು 5 ಅಡಿ, 4 ಅಡಿ, ಎತ್ತರ 7 ಅಡಿ. ಒಟ್ಟು ಸುಮಾರು 4000 ಲೀಟರ್ ಗಾಳಿ. ಎಲ್ಲಾ ಕಡೆ ಸೀಲ್ ಆಗಿದ್ರೆ ಐದು ನಿಮಿಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಗಾಳಿಯ ಆಕ್ಸಿಜನ್ ಖಾಲಿ. ಶೇ. 21 ಇದ್ದ ಆಕ್ಸಿಜನ್ ಶೇ. 15ರ ಹತ್ತಿರ ಇಳಿಯುತ್ತೆ. ನಿಜವಾದ ಬಾತ್‌ರೂಮಿನಲ್ಲಿ ಬಾಗಿಲ ಸಂದಿಯಿಂದ ಸ್ವಲ್ಪ ಗಾಳಿ ಬರೋದರಿಂದ ಇಷ್ಟು ಬೇಗ ಆಗಲ್ಲ. ಆದರೆ ದಿಕ್ಕು ಅದೇ.

ಅಪಾಯ ಬರೀ ಆಕ್ಸಿಜನ್ ಕಡಿಮೆ ಆಗೋದಲ್ಲ. ಗಾಳಿ ಸಾಲದಾಗ ಗ್ಯಾಸ್ ಅರ್ಧಂಬರ್ಧ ಉರಿಯುತ್ತೆ. ಕಾರ್ಬನ್ ಡೈಆಕ್ಸೈಡ್ ಆಗಬೇಕಿದ್ದ ಕಾರ್ಬನ್, ಮೊನಾಕ್ಸೈಡ್ ಆಗಿ ನಿಲ್ಲುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಲೀಕ್ ಆದ್ರೆ ಮೂಗಿಗೆ ಗೊತ್ತಾಗುತ್ತೆ, ಯಾಕಂದ್ರೆ ಅದರಲ್ಲಿ ಮರ್ಕ್ಯಾಪ್ಟಾನ್ ಬೆರೆಸಿರ್ತಾರೆ. ಉರಿದು ಬಂದ ಹೊಗೆಗೆ ಆ ವಾಸನೆ ಇರಲ್ಲ. "ವಾಸನೆ ಏನೂ ಬರ್ಲಿಲ್ಲ, ಅಂದ್ರೆ ಗ್ಯಾಸ್ ಅಲ್ಲ" ಅನ್ನೋದು ತಪ್ಪು ತರ್ಕ.

ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಆಕ್ಸಿಜನ್ ಬಂದರೂ ಕೂರೋಕೆ ಜಾಗ ಇಲ್ಲ. ಗಾಳಿಯಲ್ಲಿ 200 ಪಿಪಿಎಂ ಇದ್ರೆ ಎರಡು ಮೂರು ಗಂಟೆಯಲ್ಲಿ ತಲೆನೋವು. 1600 ಪಿಪಿಎಂ ಇದ್ರೆ 20 ನಿಮಿಷದಲ್ಲೇ ತಲೆನೋವು, ತಲೆಸುತ್ತು. ಅದಕ್ಕಿಂತ ಹೆಚ್ಚಾದರೆ ಬಾಗಿಲ ಚಿಲಕ ತೆಗೆಯೋಕೂ ಕೈಯಲ್ಲಿ ಶಕ್ತಿ ಇರಲ್ಲ. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು ಗ್ಯಾಸ್ ಗೀಸರ್ ಇದ್ದ ಬಾತ್‌ರೂಮಿನಲ್ಲೇ ತೀರಿಕೊಂಡರು. ಆ ಸುದ್ದಿ ನಾನು ಓದಿದ್ದೆ. ಓದಿ ಸ್ಕ್ರೋಲ್ ಮಾಡಿದ್ದೆ, ಅಷ್ಟೇ.

ಅಜ್ಜಿ ಕಾಲದಲ್ಲಿ ನಮ್ಮ ಕಡೆ ನೀರು ಕಾಯಿಸೋಕೆ ತಾಮ್ರದ ಬಂಬ ಇರ್ತಿತ್ತು. ನಡುವೆ ಒಂದು ಕೊಳವೆ, ಕೆಳಗೆ ಬೆಂಕಿ, ಸುತ್ತ ನೀರು. ಹೊಗೆ ಆ ಕೊಳವೆಯಿಂದ ಮೇಲೆ ಹೋಗ್ತಿತ್ತು. ಹೊಗೆ ಕಣ್ಣಿಗೆ ಕಾಣ್ತಿತ್ತು, ಕಣ್ಣು ಉರೀತಿತ್ತು, ಹಾಗಾಗಿ ಯಾರೂ ಅದನ್ನ ಮುಚ್ಚಿದ ಕೋಣೆಯಲ್ಲಿ ಇಡ್ತಿರಲಿಲ್ಲ. ಗೀಸರ್ ಬಂದಮೇಲೆ ಹೊಗೆ ಕಾಣದಂತಾಯ್ತು. ಕಾಣದ್ದು ಇಲ್ಲ ಅಂದ್ಕೊಂಡ್ವಿ.

ಕೆನಡಾದಲ್ಲಿರೋ ನಮ್ಮ ಸಂಬಂಧಿಕರೊಬ್ಬರು ಇನ್ನೊಂದು ವಿಷಯ ಹೇಳಿದ್ರು. ಅಲ್ಲಿ ಮನೆ ಬೆಚ್ಚಗಿಡೋಕೆ ಬೇಸ್‌ಮೆಂಟಿನಲ್ಲಿ ಗ್ಯಾಸ್ ಫರ್ನೇಸ್ ಇರುತ್ತೆ. ಒಂದು ಸಣ್ಣ ಫ್ಯಾನು ಹೊಗೆಯನ್ನ ಪೈಪಿನಿಂದ ಹೊರಗೆ ತಳ್ಳುತ್ತೆ. ಹಿಮ ಬಿದ್ದು ಪೈಪ್ ಬಾಯಿ ಮುಚ್ಚಿದ್ರೆ ಪ್ರೆಶರ್ ಸ್ವಿಚ್ ಕ್ಲೋಸ್ ಆಗಲ್ಲ, ಗ್ಯಾಸ್ ವಾಲ್ವ್ ತೆರೆಯಲ್ಲ, ಫರ್ನೇಸ್ ಹತ್ತೋದೇ ಇಲ್ಲ. ಚಳಿಯಲ್ಲಿ ನಡುಗುತ್ತಾ ಕೆಲವರು ಆ ಸ್ವಿಚ್ಚಿಗೆ ಒಂದು ವೈರ್ ಹಾಕಿ ಬೈಪಾಸ್ ಮಾಡ್ತಾರಂತೆ. ಸ್ವಿಚ್ ಕೆಟ್ಟಿದೆ ಅಂತ ಅವರ ಲೆಕ್ಕ. ಆದರೆ ಅದು ತನ್ನ ಕೆಲಸ ಸರಿಯಾಗಿ ಮಾಡ್ತಾ ಇರಬಹುದು. ಮೊದಲು ನೋಡಬೇಕಾದ್ದು ಪೈಪ್. ನಮ್ಮ ಮನೆ ಗೀಸರ್‌ನಲ್ಲಿ ಅಂಥ ಸ್ವಿಚ್ ಇರಲೇ ಇಲ್ಲ. ಬೆಂಕಿ ಆರಿದ್ರೆ ಗ್ಯಾಸ್ ನಿಲ್ಲಿಸೋ ವ್ಯವಸ್ಥೆ ಇತ್ತು, 20 ನಿಮಿಷಕ್ಕೆ ಆಫ್ ಆಗೋ ಟೈಮರ್ ಇತ್ತು. ಆದರೆ ಮೇಲಿನ ಲೆಕ್ಕ ನೋಡಿ, ಮುಚ್ಚಿದ ಕೋಣೆಗೆ 20 ನಿಮಿಷ ಅನ್ನೋದು ತುಂಬಾ ತಡ. ಇನ್ನು ನಿಮ್ಮ ಗೀಸರ್ ಪದೇ ಪದೇ ತಾನೇ ಆಫ್ ಆಗ್ತಿದ್ರೆ, ಸೆನ್ಸರ್ ಕಿತ್ತು ಹಾಕಬೇಡಿ. ಅದು ಏನೋ ಹೇಳ್ತಿದೆ.

ಹಾಗಾದ್ರೆ ನಾವು ಏನು ಚೆಕ್ ಮಾಡಬಹುದು?

1. ಜ್ವಾಲೆ ನೀಲಿ ಇರಬೇಕು. ಹಳದಿ ಇದ್ರೆ, ಮೇಲೆ ಮಸಿ ಹಿಡಿದಿದ್ರೆ ಬಳಸೋದು ನಿಲ್ಲಿಸಿ.

2. ಮೇಲಿನ ವೆಂಟಿಲೇಟರ್ ತೆರೆದಿರಬೇಕು, ಬಿಸಿ ಹೊಗೆ ಮೇಲೇರುತ್ತೆ. ಕೆಳಗೂ ಒಂದು ಜಾಲರಿ ಬೇಕು, ಹೊಸ ಗಾಳಿ ಒಳಗೆ ಬರೋಕೆ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ಅದು ಹೊರಗೆ ಹೋಗೋದೂ ಕೆಳಗಿನಿಂದಲೇ.

3. ಹೊಗೆ ಕೊಳವೆ ಇರೋ ಮಾಡೆಲ್ ಆದ್ರೆ ಅದರ ತುದಿ ಮನೆಯ ಹೊರಗೆ ಇದೆಯಾ ನೋಡಿ. ಜೋಡಣೆ ಬಿಚ್ಚಿದೆಯಾ, ಹಕ್ಕಿ ಗೂಡು ಕಟ್ಟಿದೆಯಾ, ಕೊಳವೆ ಕೆಳಮುಖ ಬಾಗಿದೆಯಾ? ಗೀಸರ್ ಆಫ್ ಮಾಡಿ, ತಣ್ಣಗಾದ ಮೇಲೆ ನೋಡಿ.

4. ಎಕ್ಸಾಸ್ಟ್ ಫ್ಯಾನ್ ಇದ್ರೆ ಸಾಕು ಅಂದ್ಕೋಬೇಡಿ. ಗಾಳಿ ಒಳಗೆ ಬರೋಕೆ ದಾರಿ ಇಲ್ಲದಿದ್ರೆ ಫ್ಯಾನು ಕೊಳವೆಯ ಹೊಗೆಯನ್ನೇ ವಾಪಸ್ ಒಳಗೆ ಎಳೀಬಹುದು.

5. ಗ್ಯಾಸ್ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಕಡ್ಡಿ ಗೀರಿ ನೋಡಬೇಡಿ.

ಬರ್ನರ್ ಬಿಚ್ಚೋದು, ಜೆಟ್ ಬದಲಿಸೋದು ನಮ್ಮ ಕೆಲಸ ಅಲ್ಲ. ಯೂಟ್ಯೂಬ್ ನೋಡಿ ಮಾಡೋ ಪ್ರಾಜೆಕ್ಟ್ ಅಲ್ಲ ಇದು. ಟೆಕ್ನಿಷಿಯನ್ ಕರೆಸಿ.

ಯಾರಾದ್ರೂ ಒಳಗೆ ಬಿದ್ದಿದ್ರೆ: ಬಾಗಿಲು ತೆರೆದು ತಕ್ಷಣ ಹೊರಗಿನ ಗಾಳಿಗೆ ಎಳೆದು ತನ್ನಿ, ನೀವು ಒಳಗೆ ನಿಲ್ಲಬೇಡಿ. ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ. 108ಕ್ಕೆ ಫೋನ್ ಮಾಡಿ. ಗ್ಯಾಸ್ ಲೀಕ್ ಆಗಿದ್ರೆ 1906. ಆಸ್ಪತ್ರೆಯಲ್ಲಿ "ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇತ್ತು" ಅಂತ ಮೊದಲ ಮಾತಿಗೇ ಹೇಳಿ. ಯಾಕಂದ್ರೆ ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಕ್ಸಿಜನ್ ಇರೋ ರಕ್ತ ಅಂತಲೇ ಓದಿ 98, 99 ತೋರಿಸಬಹುದು. ಗೀಸರ್ ವಿಷಯ ಹೇಳದೇ ಹೋದ್ರೆ ಇದನ್ನ ಫಿಟ್ಸ್ ಕಾಯಿಲೆ ಅಂದ್ಕೊಳ್ಳೋ ಸಾಧ್ಯತೆಯೂ ಇದೆ. ಮಾಮೂಲಿ ಗಾಳಿಯಲ್ಲಿ ರಕ್ತದಲ್ಲಿರೋ ಮೊನಾಕ್ಸೈಡ್ ಅರ್ಧಕ್ಕೆ ಇಳಿಯೋಕೆ ನಾಲ್ಕೈದು ಗಂಟೆ ಬೇಕು. ಮಾಸ್ಕ್‌ನಲ್ಲಿ ಶುದ್ಧ ಆಕ್ಸಿಜನ್ ಕೊಟ್ರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತೆ. ಅದಕ್ಕೇ "ಈಗ ಆರಾಮ ಅದಾಳ" ಅಂತ ಮನೆಯಲ್ಲೇ ಕೂರಿಸಬಾರದಿತ್ತು.

ನಮ್ಮ ಮನೆಯಲ್ಲಿ ಈಗ ಗೀಸರ್ ಹಿತ್ತಲ ಗೋಡೆ ಮೇಲೆ, ಶೀಟಿನ ಕೆಳಗೆ, ಬಯಲಿನಲ್ಲಿದೆ. ಸಿಲಿಂಡರೂ ಅಲ್ಲೇ. ಬಾತ್‌ರೂಮಿಗೆ ಬರೋದು ಬಿಸಿನೀರಿನ ಪೈಪ್ ಮಾತ್ರ. ಇದೇ ಎಲ್ಲಕ್ಕಿಂತ ಒಳ್ಳೆ ಪರಿಹಾರ. ಹಾಗೆ ಮಾಡೋಕೆ ಆಗದಿದ್ರೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಆಮೇಲೆ ಸ್ನಾನಕ್ಕೆ ಹೋಗಿ.

ಪಿಜಿ, ಬಾಡಿಗೆ ರೂಮಿನಲ್ಲಿರೋರು ಇವತ್ತು ಸಂಜೆ ರೂಮಿಗೆ ಹೋದಾಗ ಬಾತ್‌ರೂಮಿನ ಮೇಲೆ ಒಮ್ಮೆ ನೋಡಿ. ಅಲ್ಲಿ ರಟ್ಟೋ, ಪ್ಲಾಸ್ಟಿಕ್ಕೋ, ಹಳೇ ಬನಿಯನ್ನೋ ತುರುಕಿದ್ರೆ ತೆಗೆದು ಬಿಸಾಕಿ. ನಮ್ಮ ಮನೆಯ ರಟ್ಟು ತೆಗೆದವನೂ ನಾನೇ. ಅಜ್ಜಿ ಈಗಲೂ ಥಂಡಿ ಅಂತ ಬೈತಾಳೆ. ಬೈಲಿ.