ಒಂಬತ್ತು ಒತ್ತಿಗೆ ಕತ್ತಲಗೆರೆ

ಚನ್ನಗಿರಿ ಸೀಮೆಯಲ್ಲಿ ಡೈರಿ ಎಂದರೆ ಗೊಬ್ಬರದಂಗಡಿಯವರು ಜನವರಿಯಲ್ಲಿ ಕೈಗಿಡುವ ದಪ್ಪ ಪುಸ್ತಕ. ಸಂಕ್ರಾಂತಿವರೆಗೆ ಮುತ್ತಿನಂಥ ಅಕ್ಷರ, ಶಿವರಾತ್ರಿಗೆ ಬರೀ ಹಾಲಿನ ಲೆಕ್ಕ, ಯುಗಾದಿ ಕಳೆದರೆ ಖಾಲಿ ಹಾಳೆ.

ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರ ನೋಡಲು ಹೋದಾಗ ಸಿಕ್ಕ ಅಡಿಕೆ ಬೆಳೆಗಾರರೊಬ್ಬರು ಮೊಬೈಲ್ ತೆಗೆದು ತಮ್ಮ ದಿನಚರಿ ತೋರಿಸಿದರು. ಗೂಗಲ್ ಡಾಕ್ಸ್‌ನಲ್ಲಿ ಬರೆದದ್ದು. ಪ್ರತಿ ದಿನದ ಮೊದಲ ಸಾಲು ಭದ್ರಾ ಡ್ಯಾಮಿನ ಮಟ್ಟ. ತುಂಬಿದರೆ 186 ಅಡಿ. ಅದೆಷ್ಟು ಕೆಳಗಿದೆ ಎಂಬುದರ ಮೇಲೆ ನಾಲೆಯ ನೀರು, ನೀರಿನ ಮೇಲೆ ಗದ್ದೆ, ತೋಟ. ಆಮೇಲೆ ಆಳು, ಕೂಲಿ, ಔಷಧಿ. ಸಿಟ್ಟು ಬಂದ ದಿನ ಮಾತ್ರ ಉದ್ದ ಬರಹ. ಅದನ್ನು ಓದಲು ಕೊಡಲಿಲ್ಲ. ಬೀರುವಿನ ಡೈರಿಯಾಗಿದ್ದರೆ ಮನೆಮಂದಿಯೆಲ್ಲ ಓದಿರುತ್ತಿದ್ದರು.

'ಬರೆಯದ ದಿನ ಖಾಲಿ ಹಾಳೆ ಕಾಣಲ್ಲ ನೋಡಿ' ಎಂದರು. ನನಗಂತೂ ಗುಟ್ಟು ಇಲ್ಲೇ ಇದೆ ಅನ್ನಿಸಿತು. ಅಚ್ಚಾದ ತಾರೀಕು ದಿನಾ ಲೆಕ್ಕ ಕೇಳುತ್ತದೆ. ನಾಲ್ಕು ದಿನ ತಪ್ಪಿದರೆ ನಾಚಿಕೆಗೇ ಪುಸ್ತಕ ಮುಚ್ಚುತ್ತೇವೆ. ಇಲ್ಲಿ ವಾರ ಬಿಟ್ಟು ಬಂದರೂ ಹಿಂದಿನ ಸಾಲಿನ ಕೆಳಗೇ ಮುಂದಿನದು. ಜಾಗ ಸಾಲದೆಂಬ ಮಾತೂ ಇಲ್ಲ, ಗೆದ್ದಲಿನ ಭಯವೂ ಇಲ್ಲ. ಪಾಸ್‌ವರ್ಡ್ ಮರೆತರೆ ಏನು ಗತಿ ಎಂದು ಶಾಯಿಯ ಪಕ್ಷಪಾತಿಯಾದ ನಾನು ಕೇಳಿದೆ, ನಕ್ಕು ಸುಮ್ಮನಾದರು.

ಹೀಗೆ ಯಂತ್ರದಲ್ಲಿ ಬರೆಯುವ ಸಲೀಸುತನ ಕನ್ನಡಕ್ಕೆ ಸುಮ್ಮನೆ ಬರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ, ನಂತರ ಗಣಕ ಪರಿಷತ್ತಿನ 'ನುಡಿ', 2017ರಲ್ಲಿ ಜೀಬೋರ್ಡ್‌ನಲ್ಲಿ ಮಾತಾಡಿದರೆ ಮೂಡುವ ಕನ್ನಡ. ನನಗೆ ಇವೆಲ್ಲಕ್ಕಿಂತ ಇಷ್ಟ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ. 'ನುಡಿ'ಯಲ್ಲಿರುವುದೂ ಅದೇ ವಿನ್ಯಾಸ. ಕನ್ನಡಕ್ಕೆ ಅಷ್ಟಾಗಿ ಬೇಡದ ಎಫ್ ಕೀಲಿಯನ್ನು ಅವರು ಒತ್ತಕ್ಷರ ಬೆಸೆಯಲು ಇಟ್ಟರು. ವ್ಯಂಜನದ ಜೊತೆ 'ಅ' ಇದ್ದೇ ಇರುವುದರಿಂದ ಅದನ್ನು ಒತ್ತಬೇಕಿಲ್ಲ. ಕತ್ತಲಗೆರೆ ಎಂದೇ ಹೊಡೆದು ನೋಡಿ: ಕೆ, ಟಿ, ಎಫ್, ಟಿ, ಎಲ್, ಜಿ, ಇ, ಆರ್, ಇ. ಒಂಬತ್ತೇ! ಇಂಗ್ಲಿಷ್ ಕಾಗುಣಿತ ಹಿಡಿದು ಹೋದರೆ ಹನ್ನೊಂದು. ಇದನ್ನು ನಾನು ಉತ್ಸಾಹದಿಂದ ವಿವರಿಸಿದೆ. ಬೆಳೆಗಾರರು ಆಕಳಿಸಿ, ತಾವು ಬಹುಪಾಲು ಬಾಯಲ್ಲೇ ಹೇಳಿ ಬರೆಸುವುದಾಗಿ ತಿಳಿಸಿದರು.

ಅವರಿಗೆ ಬೇಕಿರುವುದು ಹುಡುಕಾಟ. ಹೋದ ವರ್ಷ ಬೋರ್ಡೋ ದ್ರಾವಣ ಹೊಡೆದದ್ದು ಯಾವಾಗ? ಕೇಳಿದ ತಕ್ಷಣ ತಾರೀಕು ಸಿಗಬೇಕು. ಒಂದೇ ತೊಡಕು, ಅವರು ಒಮ್ಮೆ 'ಬೋರ್ಡೋ', ಇನ್ನೊಮ್ಮೆ 'ಬೋರ್ಡೊ' ಎಂದು ಬರೆದಿದ್ದಾರೆ. ಹಾಗಾಗಿ ಎರಡು ಸಲ ಹುಡುಕುತ್ತಾರೆ.