ಜಲಸಂಚಾರದ ದಾರಿಬಿಂದುಗಳು: ದಡ್ಡಿ–ಹಿಡಕಲ್ ಹಿನ್ನೀರನ್ನು ಕುರಿತು ಒಂದು ವಿವೇಚನೆ

ಹುಕ್ಕೇರಿ ತಾಲೂಕಿನ ದಡ್ಡಿ ಗ್ರಾಮವು ಘಟಪ್ರಭಾ ನದಿಯ ದಂಡೆಯಲ್ಲಿದೆ. ನದಿಯ ಹರಿವನ್ನು ಅಳೆಯುವ ಕೇಂದ್ರ ಜಲ ಆಯೋಗದ ನೆಲೆಯೊಂದು ಇಲ್ಲಿರುವುದರಿಂದ ಈ ಊರಿನ ಹೆಸರು ಜಲವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ ಆಗಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿದು ಬರುವ ಘಟಪ್ರಭೆಯು ದಡ್ಡಿಯನ್ನು ದಾಟಿದ ಮೇಲೆ ಹಿಡಕಲ್ಲಿನಲ್ಲಿ ಕಟ್ಟಲಾಗಿರುವ ರಾಜಾ ಲಖಮಗೌಡ ಜಲಾಶಯವನ್ನು ಸೇರುತ್ತದೆ. ಸುಮಾರು ೫೧ ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಈ ಜಲಾಶಯದ ಪೂರ್ಣಮಟ್ಟವು ೨೧೭೫ ಅಡಿ, ಎಂದರೆ ೬೬೨.೯೪ ಮೀಟರ್. ಮಳೆಗಾಲದ ಕೊನೆಯಲ್ಲಿ ತುಂಬಿ ನಿಂತಾಗ ಇದು ವಿಹಾರನೌಕೆಗೆ ಆಹ್ವಾನವೀಯುವಂತೆ ತೋರುತ್ತದೆ. ಆದರೆ ಇಂಥ ನೀರಿನ ಮೇಲೆ ಒಂದು ದಂಡೆಯಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಸಾಗಬೇಕಾದವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ನಾನು ಗುರಿಯಾಗಿ ಇಟ್ಟುಕೊಂಡಿರುವ ಸ್ಥಾನದ ಅಂಕಿಗಳು ಎಲ್ಲಿಂದ ಬಂದವು, ಮತ್ತು ಅವು ಎಷ್ಟರ ಮಟ್ಟಿಗೆ ನಂಬಲರ್ಹ? ಈ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ದಾರಿಬಿಂದುವಿನ ಸ್ವರೂಪ

ನೌಕಾಯಾನದಲ್ಲಿ ವೇ-ಪಾಯಿಂಟ್ ಎಂದು ಕರೆಯಲಾಗುವುದನ್ನು ಇಲ್ಲಿ ‘ದಾರಿಬಿಂದು’ ಎಂದು ಹೆಸರಿಸಿದೆ. ಅಕ್ಷಾಂಶ ರೇಖಾಂಶಗಳಿಂದ ನಿರ್ದಿಷ್ಟವಾದ, ನಾವೆಯು ತಲುಪಬೇಕಾದ ಇಲ್ಲವೆ ತಿರುಗಬೇಕಾದ ಸ್ಥಾನವೇ ದಾರಿಬಿಂದು. ಅಂಥ ಕೆಲವು ಬಿಂದುಗಳನ್ನು ಕ್ರಮವಾಗಿ ಜೋಡಿಸಿದರೆ ಅದು ಮಾರ್ಗವಾಗುತ್ತದೆ.

ಕಲ್ಪನೆಯು ಹೊಸದೇನೂ ಅಲ್ಲ. ದಂಡೆಯ ಮರವೊಂದನ್ನೂ ಅದರ ಹಿಂದಿನ ಗುಡ್ಡದ ತುದಿಯನ್ನೂ ಒಂದೇ ಗೆರೆಗೆ ತಂದುಕೊಂಡು ಹರಗೋಲು ನಡೆಸುವ ಅಂಬಿಗನು ಅಂಕಿಗಳಿಲ್ಲದೆ ಇದನ್ನೇ ಮಾಡುತ್ತಾನೆ. ಅವನ ಗುರುತು ಕಣ್ಣೆದುರಿಗೇ ಇರುವುದರಿಂದ ತಪ್ಪಿದರೆ ಕೂಡಲೇ ತಿಳಿದುಬಿಡುತ್ತದೆ. ಉಪಗ್ರಹ ಗ್ರಾಹಕ ಯಂತ್ರದ ಪರದೆಯ ಮೇಲಿನ ಬಿಂದುವಿಗೆ ಈ ಅನುಕೂಲವಿಲ್ಲ. ಅಂಕಿ ತಪ್ಪಾಗಿದ್ದರೂ ಯಂತ್ರವು ಅಷ್ಟೇ ನಿಶ್ಚಯದಿಂದ ದಿಕ್ಕು ತೋರಿಸುತ್ತದೆ. ಆದುದರಿಂದ ಯಂತ್ರದ ಸೂಕ್ಷ್ಮತೆ ಬೇರೆ, ದಾರಿಬಿಂದುವಿನ ಯಥಾರ್ಥತೆ ಬೇರೆ ಎಂಬುದನ್ನು ಮೊದಲಿಗೇ ಮನಗಾಣಬೇಕು.

೨. ಅಂಕಿಗಳ ಮೂಲಗಳು

ಸಮುದ್ರಕ್ಕೆ ಸಂಬಂಧಿಸಿದಂತೆ ಭಾರತದಲ್ಲಿ ಪ್ರಮಾಣಭೂತವಾದ ಮೂಲವೆಂದರೆ ಡೆಹರಾಡೂನಿನ ರಾಷ್ಟ್ರೀಯ ಜಲಮಾಪನ ಕಾರ್ಯಾಲಯವು ಪ್ರಕಟಿಸುವ ಸಾಗರ ನಕಾಶೆಗಳು. ಕಾರವಾರದ ಕೊಲ್ಲಿಯಲ್ಲಾಗಲಿ, ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗಾಗಲಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಗಳ ಕಡೆಗಾಗಲಿ ಹೋಗುವವನಿಗೆ ಬಂಡೆ, ಆಳ, ದೀಪಸ್ತಂಭ, ತೇಲುಗುರುತುಗಳ ಸ್ಥಾನವು ಇವುಗಳಲ್ಲಿ ದೊರೆಯುತ್ತದೆ. ಬದಲಾವಣೆಗಳನ್ನು ಅದೇ ಕಾರ್ಯಾಲಯವು ನಾವಿಕರಿಗಾಗಿ ಹೊರಡಿಸುವ ಸೂಚನಾಪತ್ರಗಳ ಮೂಲಕ ತಿಳಿಸುತ್ತದೆ.

ಒಳನಾಡಿನ ಜಲಾಶಯಗಳಿಗೆ ವಿಹಾರಿಗನ ಕೈಗೆ ಬರುವಂಥ ಸಾಗರ ನಕಾಶೆಯ ಸಮಾನವಾದುದು ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಮೂರು ಮೂಲಗಳನ್ನು ಆಶ್ರಯಿಸಬೇಕಾಗುತ್ತದೆ: ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕಾಶೆಗಳು, ಉಪಗ್ರಹ ಚಿತ್ರಗಳು, ಮತ್ತು ಸ್ವತಃ ಸ್ಥಳಕ್ಕೆ ಹೋಗಿ ಗ್ರಾಹಕ ಯಂತ್ರದಿಂದ ಪಡೆದ ಅಳತೆಗಳು. ದಡ್ಡಿ–ಹಿಡಕಲ್ ಪ್ರದೇಶವು ೪೭ ಎಲ್ ಎಂಬ ಡಿಗ್ರಿ ಹಾಳೆಯಲ್ಲಿ ಬರುತ್ತದೆ. ಈ ಹಾಳೆಯು ೧೬ರಿಂದ ೧೭ ಡಿಗ್ರಿ ಉತ್ತರ ಅಕ್ಷಾಂಶವನ್ನೂ ೭೪ರಿಂದ ೭೫ ಡಿಗ್ರಿ ಪೂರ್ವ ರೇಖಾಂಶವನ್ನೂ ಒಳಗೊಂಡಿದೆ. ನಾಲ್ಕನೆಯದಾದ ಒಂದು ಮೂಲವೂ ಉಂಟು: ಇತರರು ಬಳಸಿ ಹಂಚಿಕೊಂಡ ಬಿಂದುಗಳ ಪಟ್ಟಿ. ಇದು ಉಪಯುಕ್ತವೇ ಆದರೂ, ಯಾವಾಗ, ಯಾವ ಸಾಧನದಿಂದ, ಯಾವ ಆಧಾರದ ಮೇಲೆ ಅಳೆದುದೆಂಬ ವಿವರವಿಲ್ಲದ ಪಟ್ಟಿಯನ್ನು ಸುಳಿವೆಂದು ಮಾತ್ರ ಎಣಿಸತಕ್ಕದ್ದು, ಪ್ರಮಾಣವೆಂದು ಸ್ವೀಕರಿಸಲಾಗದು. ಅಮೆರಿಕದ ಸರಕಾರವು ಜಿ.ಪಿ.ಎಸ್. ಸಂಕೇತಗಳಲ್ಲಿ ಉದ್ದೇಶಪೂರ್ವಕವಾಗಿ ಸೇರಿಸುತ್ತಿದ್ದ ದೋಷವನ್ನು ೨೦೦೦ದ ಮೇ ೨ರಂದು ತೆಗೆದುಹಾಕಿತು. ಅದಕ್ಕೆ ಮೊದಲು ಸಾಮಾನ್ಯ ಗ್ರಾಹಕದಿಂದ ಅಳೆದ ಸ್ಥಾನಗಳಲ್ಲಿ ನೂರು ಮೀಟರಿನಷ್ಟು ವ್ಯತ್ಯಾಸವು ಸಂಭವನೀಯವಾಗಿತ್ತು. ಅಂದಿನ ಅಂಕಿಯು ಇಂದಿನ ಪಟ್ಟಿಯಲ್ಲಿ ಉಳಿದುಬಂದಿದ್ದರೆ ಆ ದೋಷವೂ ಅದರೊಡನೆ ಉಳಿದುಬಂದಿರುತ್ತದೆ.

೩. ಆಧಾರಗೋಲದ ಭೇದ

ಅಕ್ಷಾಂಶ ರೇಖಾಂಶಗಳು ಭೂಮಿಯ ಮೇಲೆ ಕೆತ್ತಿದ ಗೆರೆಗಳಲ್ಲ. ಭೂಮಿಯ ಆಕಾರವನ್ನು ಒಂದು ಗಣಿತಾಕೃತಿಯಿಂದ ಪ್ರತಿನಿಧಿಸಿ, ಆ ಆಕೃತಿಯನ್ನು ನಿರ್ದಿಷ್ಟ ರೀತಿಯಲ್ಲಿ ನೆಲೆಗೊಳಿಸಿದ ಮೇಲೆಯೇ ಅವುಗಳಿಗೆ ಅರ್ಥ ಬರುವುದು. ೧೮೦೨ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನಮಾಪನ ಕಾರ್ಯವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ೧೮೩೦ರಲ್ಲಿ ಕೊಟ್ಟ ಗೋಲಾಕೃತಿಯು ಭಾರತದ ನಕಾಶೆಗಳಿಗೆ ದೀರ್ಘಕಾಲ ಆಧಾರವಾಗಿ ನಡೆದುಬಂದಿತು. ಉಪಗ್ರಹ ಗ್ರಾಹಕಗಳಾದರೋ ೧೯೮೪ರ ವಿಶ್ವ ಭೂಮಾಪನ ಪದ್ಧತಿಯನ್ನು, ಎಂದರೆ ಡಬ್ಲ್ಯು.ಜಿ.ಎಸ್. ೮೪ ಎಂಬುದನ್ನು, ಅನುಸರಿಸುತ್ತವೆ.

ಇವೆರಡರ ನಡುವಣ ಅಂತರವು ಅಲಕ್ಷಿಸುವಂಥದಲ್ಲ. ಹಿಡಕಲ್ ಪ್ರದೇಶಕ್ಕೆ ಲೆಕ್ಕ ಮಾಡಿದರೆ ಅದು ಸುಮಾರು ೧೫೦ ಮೀಟರ್ ಆಗುತ್ತದೆ. ಎವರೆಸ್ಟ್ ಆಧಾರದ ಹಳೆಯ ಹಾಳೆಯಿಂದ ಓದಿದ ಅಂಕಿಗಳನ್ನು ತಿದ್ದದೆ ಗ್ರಾಹಕ ಯಂತ್ರಕ್ಕೆ ಕೊಟ್ಟರೆ, ಬಿಂದುವು ನಿಜವಾದ ಸ್ಥಾನದಿಂದ ಅಷ್ಟು ದೂರ ಆಗ್ನೇಯಕ್ಕೆ ಸರಿಯುತ್ತದೆ. ವಿಶಾಲವಾದ ನೀರಿನಲ್ಲಿ ಇದು ಅಲ್ಪವೆನಿಸಬಹುದು. ಆದರೆ ನದಿಯ ಹಳೆಯ ಪಾತ್ರವನ್ನು ಅನುಸರಿಸಿ ಇಕ್ಕಟ್ಟಾದ ಹಿನ್ನೀರಿನಲ್ಲಿ ಸಾಗುವಾಗ ಆಳವಾದ ನೀರಿಗೂ ಮುಳುಗಿದ ದಿಬ್ಬಕ್ಕೂ ಇರುವ ಅಂತರವೇ ಅಷ್ಟಿರಬಹುದು.

೨೦೦೫ರ ರಾಷ್ಟ್ರೀಯ ನಕಾಶೆ ನೀತಿಯ ಮೇರೆಗೆ ಸಾರ್ವಜನಿಕರಿಗಾಗಿ ಸಿದ್ಧವಾದ ಹೊಸ ಶ್ರೇಣಿಯ ಹಾಳೆಗಳು ಡಬ್ಲ್ಯು.ಜಿ.ಎಸ್. ೮೪ ಆಧಾರವನ್ನು ಹೊಂದಿವೆ. ಕಾಲೇಜುಗಳ ಭೂಗೋಳ ವಿಭಾಗಗಳಲ್ಲಿ ಹಳೆಯ ಹಾಳೆಗಳೂ ಹೊಸ ಹಾಳೆಗಳೂ ಒಟ್ಟಿಗೇ ಇರುವುದುಂಟು. ಆದುದರಿಂದ ಯಾವುದೇ ಹಾಳೆಯಿಂದ ಅಂಕಿಯನ್ನು ಓದುವ ಮುನ್ನ ಅದರ ಅಂಚಿನಲ್ಲಿ ಮುದ್ರಿತವಾದ ಆಧಾರದ ಉಲ್ಲೇಖವನ್ನು ಓದಬೇಕೆಂಬುದು ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದ ಶಿಸ್ತು.

೪. ಅಂಕಿಗಳನ್ನು ಬರೆಯುವ ಕ್ರಮ

ಒಂದೇ ಅಕ್ಷಾಂಶವನ್ನು ಮೂರು ವಿಧವಾಗಿ ಬರೆಯುವ ವಾಡಿಕೆಯಿದೆ. ಉದಾಹರಣೆಗೆ ೧೬ ಡಿಗ್ರಿ ೯ ಮಿನಿಟು ೩೦ ಸೆಕೆಂಡು ಎಂಬುದನ್ನು ೧೬ ಡಿಗ್ರಿ ೯.೫ ಮಿನಿಟು ಎಂದೂ, ೧೬.೧೫೮೩ ಡಿಗ್ರಿ ಎಂದೂ ಬರೆಯಬಹುದು. ಮೂರೂ ಒಂದೇ ಸ್ಥಾನವನ್ನು ಸೂಚಿಸುತ್ತವೆ. ತೊಡಕು ಉಂಟಾಗುವುದು ಒಂದು ಕ್ರಮದಲ್ಲಿ ಬರೆದುದನ್ನು ಇನ್ನೊಂದು ಕ್ರಮದಲ್ಲಿ ಓದಿದಾಗ. ಮೇಲಿನ ೩೦ ಸೆಕೆಂಡನ್ನು ಮಿನಿಟಿನ ದಶಮಾಂಶವೆಂದು ಭಾವಿಸಿ ೯.೩೦ ಮಿನಿಟು ಎಂದು ಯಂತ್ರಕ್ಕೆ ಕೊಟ್ಟರೆ ಸ್ಥಾನವು ಸುಮಾರು ೩೭೦ ಮೀಟರ್ ದಕ್ಷಿಣಕ್ಕೆ ಜಾರುತ್ತದೆ. ೧೬.೦೯೩೦ ಡಿಗ್ರಿ ಎಂದು ಕೊಟ್ಟರೆ ಏಳು ಕಿಲೋಮೀಟರಿಗೂ ಮಿಕ್ಕಿ ತಪ್ಪುತ್ತದೆ. ಎರಡನೆಯ ತಪ್ಪು ಅಸಂಬದ್ಧವೆಂದು ಬೇಗನೆ ಗೋಚರವಾಗುವುದರಿಂದ ಅಷ್ಟು ಅಪಾಯಕರವಲ್ಲ. ಮೊದಲನೆಯದು ನೋಡಲು ಸರಿಯೆಂಬಂತೆ ಇರುವುದರಿಂದ ಅದೇ ಹೆಚ್ಚು ಅಪಾಯಕರ.

ಅಂಕಿಗಳ ಸಂಖ್ಯೆಯಿಂದಲೂ ಮೋಸಹೋಗಬಾರದು. ೧:೫೦,೦೦೦ ಪ್ರಮಾಣದ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ೫೦ ಮೀಟರ್. ಜಾಗರೂಕತೆಯಿಂದ ಅರ್ಧ ಮಿಲಿಮೀಟರಿನಷ್ಟು ಓದಿದರೂ ೨೫ ಮೀಟರಿನ ಅನಿಶ್ಚಯವು ಉಳಿದೇ ಉಳಿಯುತ್ತದೆ. ಅಂಥ ಹಾಳೆಯಿಂದ ತೆಗೆದ ಸ್ಥಾನವನ್ನು ಡಿಗ್ರಿಯ ಆರನೆಯ ದಶಮಾಂಶದ ವರೆಗೆ ಬರೆದರೆ ಇಲ್ಲದ ನಿಖರತೆಯನ್ನು ಇರುವಂತೆ ತೋರಿಸಿದಂತಾಗುತ್ತದೆ.

೫. ಜಲಮಟ್ಟದ ಪ್ರಶ್ನೆ

ಸಮುದ್ರದಲ್ಲಿ ಉಬ್ಬರವಿಳಿತವು ದಿನದಿನವೂ ನಡೆಯುತ್ತದೆ. ಜಲಾಶಯದಲ್ಲಿ ಆ ಏರಿಳಿತವು ವರ್ಷದ ಅವಧಿಯಲ್ಲಿ, ಬಹು ಮೀಟರುಗಳ ಪ್ರಮಾಣದಲ್ಲಿ ನಡೆಯುತ್ತದೆ. ಹಿಡಕಲ್ ಜಲಾಶಯದಲ್ಲಿ ಮುಳುಗಡೆಯಾದ ಹುನ್ನೂರಿನ ವಿಠ್ಠಲ ದೇವಾಲಯವು ಇದಕ್ಕೆ ಎಲ್ಲರೂ ಬಲ್ಲ ಸಾಕ್ಷಿ. ನೀರು ಇಳಿದ ಬೇಸಗೆಯಲ್ಲಿ ಅದು ಮೇಲೆ ಕಾಣಿಸಿಕೊಂಡು ಭಕ್ತರನ್ನು ಬರಮಾಡಿಕೊಳ್ಳುತ್ತದೆ. ಮಳೆ ಹಿಡಿದು ಹೊಳೆ ತುಂಬಿ ಬಂದಾಗ ಮತ್ತೆ ನೀರೊಳಗೆ ಸೇರುತ್ತದೆ. ಬೇಸಗೆಯಲ್ಲಿ ದೂರದಿಂದಲೇ ಗುರುತಾಗಿ ಒದಗುವ ಕಟ್ಟಡವು ಮಳೆಗಾಲದ ಮೊದಲಲ್ಲಿ, ನೀರು ಅದರ ಮೇಲೆ ಅಷ್ಟಿಷ್ಟೇ ಆವರಿಸಿದಾಗ, ದೋಣಿಯ ತಳಕ್ಕೆ ಕಾಣದ ತೊಡಕಾಗಬಲ್ಲದು. ಅಕ್ಷಾಂಶ ರೇಖಾಂಶಗಳು ಬದಲಾಗದಿದ್ದರೂ ಆ ಸ್ಥಾನದ ಅರ್ಥವು ಋತುವಿನೊಡನೆ ಬದಲಾಯಿತು. ಆದುದರಿಂದ ಜಲಾಶಯದ ಪ್ರತಿಯೊಂದು ದಾರಿಬಿಂದುವಿನ ಜೊತೆಗೂ ಅದನ್ನು ಅಳೆದ ದಿನದ ಜಲಮಟ್ಟವನ್ನು ದಾಖಲಿಸುವುದು ಅವಶ್ಯಕ.

ಈ ವಿಷಯದಲ್ಲಿ ಅಣೆಕಟ್ಟಿಗೆ ಮುಂಚಿನ ಸ್ಥಳಾಕೃತಿ ಹಾಳೆಗಳು ಅನಿರೀಕ್ಷಿತವಾದ ಉಪಕಾರವನ್ನು ಮಾಡುತ್ತವೆ. ಇಂದು ನೀರಿನಡಿಯಲ್ಲಿರುವ ನೆಲದ ಸಮೋನ್ನತ ರೇಖೆಗಳು, ನದಿಯ ಮೂಲಪಾತ್ರ, ಊರು, ಹಾದಿಗಳು ಅವುಗಳಲ್ಲಿ ಕಾಣಸಿಗುತ್ತವೆ. ೨೧೫೦ ಅಡಿಯ ರೇಖೆಯ ಮೇಲಿನ ಸ್ಥಾನದಲ್ಲಿ, ಜಲಾಶಯವು ಪೂರ್ಣಮಟ್ಟದಲ್ಲಿದ್ದಾಗ, ೨೫ ಅಡಿ ನೀರು ಇರಬೇಕೆಂದು ಲೆಕ್ಕ ಹೇಳುತ್ತದೆ. ಮಟ್ಟವು ೨೧೫೦ಕ್ಕೆ ಇಳಿದಾಗ ಅದೇ ರೇಖೆಯು ದಂಡೆಯಾಗುತ್ತದೆ. ಆದರೆ ಐವತ್ತು ಅಡಿಗೊಂದರಂತೆ ಎಳೆದ ರೇಖೆಗಳಲ್ಲಿ ಅರ್ಧ ಅಂತರದಷ್ಟು, ಎಂದರೆ ೨೫ ಅಡಿಯಷ್ಟು, ದೋಷವನ್ನು ನಿರೀಕ್ಷಿಸಬೇಕಾಗುವುದು. ಮೇಲಾಗಿ ನದಿಯು ತಂದು ಹಾಕಿದ ಹೂಳು ಆಳವನ್ನು ಕುಗ್ಗಿಸಿರುತ್ತದೆ. ಕಾರಣ, ಹಳೆಯ ಹಾಳೆಯು ಎಲ್ಲಿಗೆ ಹೋಗಬಾರದೆಂಬುದನ್ನು ಹೇಳಬಲ್ಲದು. ಎಲ್ಲಿ ನಿಶ್ಚಿಂತೆಯಿಂದ ಹೋಗಬಹುದೆಂಬುದನ್ನು ಹೇಳಲಾರದು. ಅದಕ್ಕೆ ಗುಂಡುದಾರದಿಂದಲೋ ಧ್ವನಿಮಾಪಕದಿಂದಲೋ ಆಳವನ್ನು ಅಳೆಯುವುದೇ ಉಪಾಯ.

ಕರಾವಳಿಯ ಅಳಿವೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಮುಖಗಳಲ್ಲಿ ಮರಳು ದಿಬ್ಬಗಳು ಮಳೆಗಾಲದ ಪ್ರವಾಹಕ್ಕೂ ಅಲೆಗಳಿಗೂ ಸಿಕ್ಕಿ ಸ್ಥಳ ಬದಲಿಸುತ್ತವೆ. ಕಳೆದ ವರ್ಷ ನಿರ್ದುಷ್ಟವಾಗಿ ಅಳೆದ ಬಿಂದುವೂ ಈ ವರ್ಷ ದಿಬ್ಬದ ಮೇಲೆ ಬೀಳಬಹುದು.

೬. ಪರೀಕ್ಷೆಯ ವಿಧಾನ

ಮೇಲಿನ ವಿವೇಚನೆಯಿಂದ ಪರೀಕ್ಷೆಯ ಕ್ರಮವೊಂದು ತಾನಾಗಿಯೇ ಹೊರಡುತ್ತದೆ. ಮೊದಲನೆಯದಾಗಿ, ಪ್ರತಿಯೊಂದು ಬಿಂದುವನ್ನೂ ಪರಸ್ಪರ ಸ್ವತಂತ್ರವಾದ ಎರಡು ಮೂಲಗಳಿಂದ ತಾಳೆ ನೋಡಬೇಕು. ಒಂದರಿಂದ ಇನ್ನೊಂದನ್ನು ನಕಲು ಮಾಡಿದ ಎರಡು ಪಟ್ಟಿಗಳು ಎರಡು ಸಾಕ್ಷಿಗಳಾಗಲಾರವು.

ಎರಡನೆಯದಾಗಿ, ಬಿಂದುಗಳ ನಡುವಣ ದೂರವನ್ನು ಲೆಕ್ಕದಿಂದಲೂ ನಕಾಶೆಯಿಂದಲೂ ಕಂಡುಹಿಡಿದು ಹೋಲಿಸಬೇಕು. ಹಿಡಕಲ್ಲಿನ ಅಕ್ಷಾಂಶದಲ್ಲಿ ಅಕ್ಷಾಂಶದ ಒಂದು ಮಿನಿಟು ಸುಮಾರು ೧೮೪೪ ಮೀಟರ್. ರೇಖಾಂಶದ ಒಂದು ಮಿನಿಟು ಸುಮಾರು ೧೭೮೩ ಮೀಟರ್. ಎರಡು ಬಿಂದುಗಳಿಗೆ ಅಕ್ಷಾಂಶದಲ್ಲಿ ೨ ಮಿನಿಟು, ರೇಖಾಂಶದಲ್ಲಿ ೧.೫ ಮಿನಿಟು ಅಂತರವಿದ್ದರೆ, ಉತ್ತರ–ದಕ್ಷಿಣವಾಗಿ ೩.೬೯ ಕಿಲೋಮೀಟರ್, ಪೂರ್ವ–ಪಶ್ಚಿಮವಾಗಿ ೨.೬೭ ಕಿಲೋಮೀಟರ್ ಆಗುತ್ತದೆ. ಲಂಬಕೋನ ತ್ರಿಭುಜದ ನಿಯಮದಿಂದ ನೇರ ದೂರವು ಸುಮಾರು ೪.೬ ಕಿಲೋಮೀಟರ್. ೧:೫೦,೦೦೦ ಹಾಳೆಯ ಮೇಲೆ ಇದು ೯ ಸೆಂಟಿಮೀಟರಿಗೆ ತುಸು ಹೆಚ್ಚಾಗಿ ಬರತಕ್ಕದ್ದು. ಬಾರದಿದ್ದರೆ ಎಲ್ಲಿಯೋ ಒಂದು ಅಂಕಿ ತಪ್ಪಿದೆಯೆಂದು ತಿಳಿಯಬೇಕು.

ಮೂರನೆಯದಾಗಿ, ಬಿಂದುಗಳನ್ನು ಜೋಡಿಸುವ ಗೆರೆಯುದ್ದಕ್ಕೂ ದೊಡ್ಡ ಪ್ರಮಾಣದ ನಕಾಶೆಯನ್ನು ನೋಡಬೇಕು. ಬಿಂದುಗಳೆರಡೂ ಸುರಕ್ಷಿತವಾಗಿದ್ದು, ನಡುವಣ ಗೆರೆಯು ಬಂಡೆಯ ಮೇಲೆ ಹಾಯಬಹುದು. ೨೦೧೪ರ ನವೆಂಬರ್ ೨೯ರಂದು ಜಗತ್ಪ್ರದಕ್ಷಿಣೆಯ ಪಂದ್ಯದಲ್ಲಿದ್ದ ವೆಸ್ಟಾಸ್ ವಿಂಡ್ ಎಂಬ ಹಾಯಿನೌಕೆಯು ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕಾರಾಜೋಸ್ ಹವಳದ ದಿಬ್ಬಗಳಿಗೆ ಬಡಿಯಿತು. ನುರಿತ ನಾವಿಕರೂ ಉತ್ತಮ ಯಂತ್ರಗಳೂ ಇದ್ದುವು. ಆದರೆ ವಿದ್ಯುನ್ಮಾನ ನಕಾಶೆಯನ್ನು ಸಣ್ಣ ಪ್ರಮಾಣದಲ್ಲಿ ಮಾತ್ರ ನೋಡಿದುದರಿಂದ ದಿಬ್ಬಗಳು ಗಮನಕ್ಕೆ ಬರಲಿಲ್ಲ. ನಾವಿಕರೆಲ್ಲರೂ ಬದುಕಿ ಉಳಿದುದೊಂದೇ ಭಾಗ್ಯ.

ನಾಲ್ಕನೆಯದಾಗಿ, ದಾರಿಬಿಂದುವನ್ನು ಬಂಡೆಯ ಮೇಲಾಗಲಿ ದೀಪಸ್ತಂಭದ ಮೇಲಾಗಲಿ ಇಡದೆ, ಅದರಿಂದ ತಕ್ಕಷ್ಟು ದೂರದ ಆಳನೀರಿನಲ್ಲಿ ಇಡಬೇಕು. ಕೊನೆಯದಾಗಿ, ಮೊದಲ ಪ್ರಯಾಣವನ್ನು ಹಗಲಿನಲ್ಲಿ, ನಿಧಾನವಾಗಿ, ಸ್ಥಳದ ಅಂಬಿಗರನ್ನು ಜೊತೆಗಿಟ್ಟುಕೊಂಡು ಮಾಡತಕ್ಕದ್ದು.

೭. ಉಪಸಂಹಾರ

ಸ್ಥಾನದ ಅಂಕಿಯು ಕೇವಲ ವಿಹಾರದ ಅನುಕೂಲಕ್ಕೆ ಸಂಬಂಧಿಸಿದುದಲ್ಲ. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆಯ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಮಾಲವಣದ ಆಚೆಯ ಸಮುದ್ರದಲ್ಲಿ ನೌಕಾಪಡೆಗೆ ದೊರೆತುದು ೨೦೧೯ರ ಮೇ ತಿಂಗಳಿನಲ್ಲಿ. ಅಷ್ಟು ತಿಂಗಳುಗಳ ಕಾಲ ಏಳು ಮನೆಗಳವರು ಉತ್ತರವಿಲ್ಲದೆ ಕಾದರು. ನೀರಿನ ಮೇಲೆ ಇರುವವರನ್ನು ದಂಡೆಯ ಮೇಲೆ ಇರುವವರೊಡನೆ ಕೂಡಿಸುವ ಎಳೆಯೆಂದರೆ ತಿಳಿದ ಸ್ಥಾನವೊಂದೇ. ಹೊರಡುವ ಮುನ್ನ ತನ್ನ ದಾರಿಬಿಂದುಗಳ ಪಟ್ಟಿಯನ್ನೂ ಹಿಂದಿರುಗುವ ವೇಳೆಯನ್ನೂ ದಂಡೆಯಲ್ಲಿರುವ ಒಬ್ಬರ ಬಳಿ ಬರೆದಿಟ್ಟು ಹೋಗುವುದು ಈ ಕಾರಣದಿಂದಲೇ ಕರ್ತವ್ಯವೆನಿಸುತ್ತದೆ.

ದಡ್ಡಿಯಿಂದ ಹಿಡಕಲ್ಲಿನ ವರೆಗಿನ ಜಲಭಾಗಕ್ಕೆ ಇಂಥದೊಂದು ಪಟ್ಟಿಯನ್ನು ಸಿದ್ಧಪಡಿಸುವುದು ಗೋಕಾಕ, ಹುಕ್ಕೇರಿ, ಮೂಡಲಗಿ ತಾಲೂಕುಗಳ ಕಾಲೇಜು ವಿದ್ಯಾರ್ಥಿಗಳಿಗೆ ತಕ್ಕ ಕಾರ್ಯ. ಹಳೆಯ ಹಾಳೆಯನ್ನು ಹೊಸ ಆಧಾರಕ್ಕೆ ತರುವುದು, ಬೇಸಗೆಯಲ್ಲಿ ಹೊರಬೀಳುವ ದಿಬ್ಬ, ಗೋಡೆ, ಕಟ್ಟೆಗಳನ್ನು ಕಾಲ್ನಡಿಗೆಯಲ್ಲೇ ಹೋಗಿ ಅಳೆಯುವುದು, ಅಂದಿನ ಜಲಮಟ್ಟವನ್ನು ಅಧಿಕಾರಿಗಳಿಂದ ಪಡೆದು ಬರೆಯುವುದು, ಮಳೆಗಾಲದ ತರುವಾಯ ಅನುಮತಿ ಪಡೆದು ದೋಣಿಯಲ್ಲಿ ಮರಳಿ ತಾಳೆ ನೋಡುವುದು—ಇವಿಷ್ಟೂ ಒಂದು ವರ್ಷದ ಅವಧಿಯಲ್ಲಿ ಸಾಧ್ಯ. ಇದಕ್ಕೆ ಬೇಕಾದುದು ದುಬಾರಿಯಾದ ಸಲಕರಣೆಯಲ್ಲ. ಪ್ರತಿ ಅಂಕಿಯ ಮುಂದೆ ಅದರ ಮೂಲ, ಆಧಾರ, ದಿನಾಂಕ, ಜಲಮಟ್ಟಗಳೆಂಬ ನಾಲ್ಕು ಅಂಕಣಗಳನ್ನು ತಪ್ಪದೆ ತುಂಬುವ ಶ್ರದ್ಧೆ.