ಕಟಕಟೆ ಹತ್ತುವ ಮುನ್ನ

ನಾನು ಸುರಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಬಲಗಾಲಿಗೆ ಪೋಲಿಯೊ. ಅಂಗವಿಕಲರ ಮಾಸಾಶನದ ಅರ್ಜಿ, ಯುಡಿಐಡಿ ಗುರುತಿನ ಕಾರ್ಡು, ಯಾದಗಿರಿ ಜಿಲ್ಲಾ ಆಸ್ಪತ್ರೆಯ ತಪಾಸಣೆ ಇವೇ ನನ್ನ ದಿನಚರಿ. ಅದರ ಜೊತೆಗೆ ಇನ್ನೊಂದು ಕೆಲಸವೂ ಹೆಗಲಿಗೆ ಬಿದ್ದಿದೆ: ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗಿ ಕೈಯೋ ಕಾಲೋ ಊನ ಮಾಡಿಕೊಂಡು ಬಂದವರನ್ನು ಪರಿಹಾರದ ವಿಚಾರಣೆಗೆ ಅಣಿ ಮಾಡುವುದು.

ಬಂದವರು ಮೊದಲು ಕೇಳುವ ಮಾತು ಒಂದೇ. ‘ಸರ, ಎಷ್ಟ್ ಪರ್ಸೆಂಟ್ ಬರಸ್ಲಾಕ್ ಬರ್ತದ?’

ಮಾಸಾಶನಕ್ಕೆ ಆ ಪ್ರಶ್ನೆ ಸರಿಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 40 ಪರ್ಸೆಂಟಿಗೆ ಗೆರೆ ಎಳೆದಿದೆ. ಕಡಿಮೆ ಬರೆದಿದ್ದಾರೆ ಅನಿಸಿದರೆ ಅದೇ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೆ ಹೋಗಬಹುದು. ಆದರೆ ದುಡಿಯುವಾಗ ಆದ ಗಾಯಕ್ಕೆ ಪರಿಹಾರ ಕೇಳುವಾಗ ಲೆಕ್ಕವೇ ಬೇರೆ. ಅಲ್ಲಿ ತೂಗುವುದು ಗಳಿಕೆಯ ಶಕ್ತಿ ಎಷ್ಟು ಹೋಯಿತು ಎಂಬುದನ್ನು.

ನಮ್ಮ ಕಡೆಯವರಿಗೆ ಗೊತ್ತೇ ಇರದ ಸಂಗತಿಯೊಂದಿದೆ. ಬೆಂಗಳೂರಿನಲ್ಲಿ ಬಿದ್ದವನು ಬೆಂಗಳೂರಿನಲ್ಲೇ ಕೇಸು ಹಾಕಬೇಕಿಲ್ಲ, ತಾನು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿದ್ದ ಈ ಅನುಕೂಲ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಹಳೆಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ಕೂತು ಇಂಥ ಕೇಸು ಕೇಳಿದ್ದಾರೆ. ‘ಅಷ್ಟ್ ದೂರ ಯಾರ್ ಓಡಾಡ್ಬೇಕ್ರಿ’ ಅಂತ ಕೈಬಿಟ್ಟ ಕುಟುಂಬಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸೆಂಟ್ರಿಂಗ್ ಕೆಲಸದ ಒಬ್ಬರ ಉದಾಹರಣೆ ಹೇಳುತ್ತೇನೆ. ಸ್ಲ್ಯಾಬಿನ ಮೇಲಿಂದ ಬಿದ್ದು ಬಲ ಮಣಿಕಟ್ಟಿಗೆ ಪ್ಲೇಟು ಹಾಕಿಸಿಕೊಂಡವರು. ಸರ್ಟಿಫಿಕೇಟಿನಲ್ಲಿ ಬಲಗೈಗೆ 35 ಪರ್ಸೆಂಟ್. ಅವರ ಮನೆಯಂಗಳದಲ್ಲಿ ಒಂದು ಹಲಗೆ, ನಾಲ್ಕು ಮೊಳೆ, ಸುತ್ತಿಗೆ ಇಟ್ಟು ‘ಹೊಡೀರಿ ನೋಡೋಣ’ ಎಂದೆ. ಎಡಗೈ ಮೊಳೆಯನ್ನು ಸರಿಯಾಗಿಯೇ ಹಿಡಿಯಿತು. ಬಲಗೈ ಎರಡು ಏಟು ಹಾಕಿತು. ಮೂರನೆಯದಕ್ಕೆ ಬೆರಳು ಬಿಚ್ಚಿಕೊಂಡು ಸುತ್ತಿಗೆ ಹಲಗೆಯ ಆಚೆ ಬಿತ್ತು. ಬೈಂಡಿಂಗ್ ತಂತಿ ತಿರುವಲು ಆಗಲೇ ಇಲ್ಲ. ತುಂಬಿದ ಕೊಡವನ್ನು ಎಡಗೈಯಲ್ಲಿ ಎತ್ತಿದರು, ಏಣಿ ಹತ್ತುವಾಗ ಹಿಡಿತಕ್ಕೆ ಇನ್ನೊಂದು ಕೈ ಎಲ್ಲಿದೆ? ನ್ಯಾಯಾಧೀಶರಿಗೆ ಗೊತ್ತಾಗಬೇಕಾದ್ದು ಇದು. ‘ಕೈ ಬ್ಯಾನಿ ಅದರಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ.

ಹಣದಲ್ಲಿ ಇದರ ಅರ್ಥವೇನು ನೋಡಿ. ವಯಸ್ಸು 35, ತಿಂಗಳ ಕೂಲಿ 15,000 ರೂಪಾಯಿ ಎಂದು ಹಿಡಿಯೋಣ. ಕೂಲಿಯ 60 ಪರ್ಸೆಂಟನ್ನು ಆ ವಯಸ್ಸಿನ ಗುಣಕ 197.06ರಿಂದ ಗುಣಿಸಿದರೆ, ಗಳಿಕೆ ಪೂರ್ತಿ ಹೋದವರಿಗೆ 17,73,540 ರೂಪಾಯಿ. 35 ಪರ್ಸೆಂಟ್ ಹೋಗಿದೆ ಎಂದಾದರೆ ಸುಮಾರು 6.2 ಲಕ್ಷ. ‘ಇದು ಕೈಯೊಂದರ ಲೆಕ್ಕ, ಇಡೀ ದೇಹಕ್ಕೆ 12 ಪರ್ಸೆಂಟ್ ಅಷ್ಟೇ’ ಎಂದು ಮಾಲೀಕರ ವಿಮಾ ಕಂಪನಿಯ ವಕೀಲರು ವಾದಿಸಿ ಗೆದ್ದರೆ ಸುಮಾರು 2.13 ಲಕ್ಷ. ಗಾಯ ಅದೇ, ಮನುಷ್ಯ ಅದೇ.

ಸುಪ್ರೀಂ ಕೋರ್ಟ್ ಈ ಮಾತನ್ನು ಬಹಳ ಹಿಂದೆಯೇ ಇತ್ಯರ್ಥ ಮಾಡಿದೆ. ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ, 1975ರ ಡಿಸೆಂಬರಿನಲ್ಲಿ, ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾದ ಬಡಗಿಗೆ ನೂರಕ್ಕೆ ನೂರು ಗಳಿಕೆ ನಷ್ಟ ಎಂದು ಒಪ್ಪಿತು. ಒಂದೇ ಕೈಯಲ್ಲಿ ಬಡಗಿತನ ಸಾಗುವುದಿಲ್ಲವಲ್ಲ. 2010ರಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು, ಅದು ವಾಹನ ಅಪಘಾತದ ಕೇಸು, ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಮೊದಲು ಏನು ಕೆಲಸ ಮಾಡುತ್ತಿದ್ದರು, ಈಗ ಏನು ಮಾಡಬಲ್ಲರು, ಏನು ಮಾಡಲಾರರು ಎಂದು ನೋಡಿ ನಷ್ಟ ತೀರ್ಮಾನಿಸಬೇಕು. ಬರೀ ಸರ್ಟಿಫಿಕೇಟು ತಂದಿಟ್ಟರೆ ಸಾಲದು, ವೈದ್ಯರು ಬಂದು ಸಾಕ್ಷ್ಯ ನುಡಿಯಬೇಕು ಎಂದೂ ಹೇಳಿತು. ಕೇಳಿದಷ್ಟು ಪರ್ಸೆಂಟ್ ಬರೆದುಕೊಡುವವರ ಹಿಂದೆ ಹೋಗಬೇಡಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಚಿಕಿತ್ಸೆ ಕೊಟ್ಟ ವೈದ್ಯರ ಮಾತಿಗೇ ತೂಕ. ಅವರು ದೂರದಲ್ಲಿದ್ದರೆ ಕೋರ್ಟ್ ಕಮಿಷನರ್ ಮೂಲಕ ಸಾಕ್ಷ್ಯ ಪಡೆಯುವಂತೆ ವಕೀಲರ ಕಡೆಯಿಂದ ಕೋರಬಹುದು.

ಕೂಲಿಯ ದಾಖಲೆಯೇ ದೊಡ್ಡ ತಲೆನೋವು. ಗುತ್ತಿಗೆದಾರರು ಚೀಟಿ ಕೊಟ್ಟಿರುವುದಿಲ್ಲ. ಫೋನ್‌ಪೇ ಜಮೆ, ಪಾಸ್‌ಬುಕ್, ಮೇಸ್ತ್ರಿ ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ಜೊತೆಗೆ ದುಡಿದ ಊರವರ ಸಾಕ್ಷಿ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಹಳೇ ಫೋನನ್ನು ಮಾರಬೇಡಿ. ಎಕ್ಸ್‌ರೇ ಫಿಲ್ಮನ್ನು ಸೂರಿಗೆ ಸಿಕ್ಕಿಸಿಡುವ ಬದಲು ಪೆಟ್ಟಿಗೆಯಲ್ಲಿಡಿ.

ಇನ್ನು ಪಾಟಿ ಸವಾಲು. ‘ಇವತ್ತು ಒಬ್ಬರೇ ಬಸ್ಸಲ್ಲಿ ಬಂದ್ರಾ?’ ‘ಊಟ ಯಾವ ಕೈಯಲ್ಲಿ ಮಾಡ್ತೀರಿ?’ ಪ್ರಶ್ನೆಗಳು ಸೀದಾ ಕಾಣುತ್ತವೆ, ಜನ ಗಾಬರಿಯಾಗಿ ‘ಏನೂ ಮಾಡ್ಲಾಕ್ ಆಗಲ್ರಿ’ ಎಂದುಬಿಡುತ್ತಾರೆ. ಅದು ಸುಳ್ಳು ಅಂತ ಎದುರಿಗಿರುವವರಿಗೆ ಕಾಣುತ್ತಿರುತ್ತದೆ, ಆಮೇಲೆ ಹೇಳಿದ ಸತ್ಯಕ್ಕೂ ಬೆಲೆ ಇರುವುದಿಲ್ಲ. ‘ಬಸ್ಸಿನ್ಯಾಗ ಬಂದೀನ್ರಿ, ಮಗ ಹತ್ತಿಸಿದ’, ‘ಊಟ ಮಾಡ್ತೀನ್ರಿ, ರೊಟ್ಟಿ ಮುರೀಲಾಕ್ ಎಡಗೈ ಬೇಕು’. ಆಗುವುದನ್ನು ಆಗುತ್ತದೆ ಎಂದು ಹೇಳಿ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಿ. ನಮ್ಮ ಮಾತಿನಲ್ಲೇ ಹೇಳಿ, ನಾಚಿಕೆ ಬೇಡ. ಅಫಿಡವಿಟ್ಟನ್ನು ಪೂರ್ತಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂದೆ ಸರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಶಹಾಪುರ, ಸುರಪುರದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ, ಯಾದಗಿರಿಯವರು ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಬೇಕು. 15100ಕ್ಕೆ ಫೋನ್ ಮಾಡಿದರೂ ಆಯಿತು.

ಆದೇಶ ಸಮಾಧಾನ ತರದಿದ್ದರೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ 60 ದಿನದೊಳಗೆ ಮೇಲ್ಮನವಿ. ಆದರೆ ಅಲ್ಲಿ ನೋಡುವುದು ಕಾನೂನಿನ ಮುಖ್ಯ ಪ್ರಶ್ನೆಯನ್ನು. ಸುತ್ತಿಗೆ ಜಾರಿದ್ದು, ತಂತಿ ತಿರುಗದ್ದು ಇವೆಲ್ಲ ಕೆಳಗಿನ ಕೋರ್ಟಿನಲ್ಲೇ ದಾಖಲಾಗಿರಬೇಕು, ಕಲಬುರಗಿಗೆ ಹೋಗಿ ಹೊಸದಾಗಿ ಹೇಳುವುದು ಕಷ್ಟ. ಹಾಗಾಗಿ ಆದೇಶ ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ, ಅದರಲ್ಲಿ ನಿಮ್ಮ ಕೆಲಸದ ಬಗ್ಗೆ ಏನು ಬರೆದಿದೆ ಎಂದು ವಕೀಲರಿಂದ ಓದಿಸಿಕೊಂಡೇ ಊರಿನ ಬಸ್ಸು ಹತ್ತಿ.